ಡ್ರಮ್ಮು ನಿಲ್ಲುವ ತನಕ

ಅಂಗನವಾಡಿಯಿಂದ ಮೂರನೇ ಸಲ ಫೋನು ಬಂದಾಗ
ನಾನು ಮುಂಡರಗಿಯ ಜೀನ್ಸ್ ವಾಷಿಂಗಿನಲ್ಲಿದ್ದೆ,
ಮೊಣಕೈವರೆಗೂ ನೀಲಿ.
ಟೀಚರ್ ಏನೂ ಹೇಳಲಿಲ್ಲ, ಮಾಬುನ್ನಿಯ ತೋಳು ತೋರಿಸಿದರು:
ಅರ್ಧ ಬಳೆಯಂತೆ ಹಲ್ಲಿನ ಗುರುತು,
ಮೇಲೆ ಆರು, ಕೆಳಗೆ ಐದು,
ಜೇಬಿನ ಅಂಚಿನ ಹೊಲಿಗೆಯಷ್ಟು ಅಚ್ಚುಕಟ್ಟು.
ಆಕೆಯ ಅಮ್ಮ ಬೈಯಲೂ ಇಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ನನ್ನ ಮಗ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ.
ಹೆಸರು ಹುಲುಗಪ್ಪ, ವಯಸ್ಸು ನಾಲ್ಕು,
ಚಡ್ಡಿಗೆ ಗುಂಡಿ ಇಲ್ಲ.
ಯಾಕೆ ಕಚ್ಚಿದೆ ಅಂತ ನಾನು ಕೇಳಿದೆನೇ?
ನನಗಿಂತ ಮೊದಲು ಕೈ ಕೇಳಿತು.

ಮನೆಯಲ್ಲಿ ಉರುಕುಂದಿ ಅವನನ್ನು ಬೆಳಕಿಗೆ ಎಳೆದು ನೋಡಿದಳು.
ಕೆನ್ನೆಯ ಮೇಲೆ ನಾಲ್ಕು ಬೆರಳು, ನೀಲಿ.
ಸೋಪು ಹಚ್ಚಿದಳು. ಹೋಗಲಿಲ್ಲ.
ನಮ್ಮ ಬಣ್ಣ ಒಂದೇ ನೀರಿಗೆ ಬಿಡುವಂಥದ್ದಲ್ಲ.
"ಆ ಹುಡುಗಿ ತೋಳಿನ ಮ್ಯಾಲೆ ಇವಂದು,
ಇವನ ಗಲ್ಲದ ಮ್ಯಾಲೆ ನಿಂದು.
ಲೆಕ್ಕ ಚುಕ್ತಾ ಆತಲ್ಲ," ಅಂದಳು.
ಆವತ್ತು ರೊಟ್ಟಿಗೂ ಏಟು ಜಾಸ್ತಿಯೇ ಬಿದ್ದವು.

ರಾತ್ರಿ ಕರೆಂಟಿಲ್ಲ, ಮಾಳಿಗೆಯ ಮೇಲೆ ಮಲಗಿದ್ದೆವು.
ಏಪ್ರಿಲ್ಲಿನ ಬಳ್ಳಾರಿ; ಹಗಲೆಲ್ಲ ಕುಡಿದ ಬಿಸಿಲನ್ನು
ಬೆಟ್ಟ ಮೆಲ್ಲಗೆ ಊರ ಮೇಲೆ ಉಗುಳುತ್ತಿತ್ತು.
ಬಹಳ ಹೊತ್ತಿನ ಮೇಲೆ, ಕತ್ತಲನ್ನು ಕೇಳಿದಂತೆ, ಕೇಳಿದೆ:
"ಕಚ್ಚೋಕೆ ಮುಂಚೆ ಏನಾಗ್ತೈತಲೇ ನಿನಗೆ?"
ನಿದ್ದೆ ಹತ್ತಿರಬೇಕು ಅಂದುಕೊಂಡೆ.
ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡ.
"ಇಲ್ಲಿ ತಿರುಗ್ತೈತೆ. ನಿನ್ನ ಮಿಷನ್ನಿನಂಗೆ. ಗರ್ ಅಂತ."

ಮಿಷನ್ನು ನನಗೆ ಗೊತ್ತು.
ಸ್ವಿಚ್ಚು ಆರಿಸಿದ ಮೇಲೂ ಹಿಂಡುವ ಡ್ರಮ್ಮು ತಿರುಗುತ್ತದೆ,
ನಿಂತಂತೆ ಕಾಣುತ್ತದೆ, ನಿಂತಿರುವುದಿಲ್ಲ.
ಗಾದಿಲಿಂಗ ಅವಸರಕ್ಕೆ ಕೈ ಹಾಕಿದ,
ಈಗ ಎಣಿಸಲಿಕ್ಕೆ ಅವನಿಗೆ ಎಂಟೇ ಬೆರಳು.
ಇದನ್ನೆಲ್ಲ ಮಗನಿಗೆ ಹೇಳಿದೆ.
"ಆ ಎರಡು ಎಲ್ಲಿ ಹೋದ್ವು?" ಅಂತ
ಎರಡು ದಿನ ಅದೊಂದನ್ನೇ ಕೇಳಿದ.

ಮೂರನೆಯ ದಿನ ಅನ್ನದ ತಟ್ಟೆ ಎಸೆದ.
ಅವನ ಕಣ್ಣಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತೆ.
"ಡ್ರಮ್ಮು ತಿರುಗಾಕತ್ತೈತೇನು?"
ಒದ್ದ.
"ತಿರುಗಲಿ. ಯಾರೂ ಕೈ ಹಾಕೋದು ಬ್ಯಾಡ.
ನಿಲ್ಲೋ ತನಕ ಇಲ್ಲೇ ಕುಂತಿರ್ತೀನಿ."

ಸುಲಭವಲ್ಲ.
ಎರಡೂ ಕೈ ತೊಡೆಯ ಸಂದಿಗೆ ಸಿಕ್ಕಿಸಿಕೊಂಡಿದ್ದೆ,
ನನ್ನಪ್ಪನಿಂದ ಬಂದ ಕೈ, ಬೇರೆ ಮಾತು ಕಲಿತಿಲ್ಲ.
ಅವನಿಗೆ ಅಳು ಬಂತು.
ಆಮೇಲೆ ತಟ್ಟೆಯನ್ನು ತಾನೇ ಎತ್ತಿದ ಅಂದರೆ ಸುಳ್ಳಾಗುತ್ತದೆ,
ನಾನೇ ಎತ್ತಿದೆ. ಅವನು ಅಗುಳು ಆರಿಸಿದ,
ಆರಿಸಿ ಇರುವೆ ಸಾಲಿನ ಪಕ್ಕ ಇಟ್ಟ.
ಇಡುತ್ತಾ, ಯಾರೂ ಕೇಳದೆ, ಅಂದ:
"ನೀ ತಂದಿದ್ದ ಗುಂಡಿ. ತಾಮ್ರದ್ದು.
ಮಾಬುನ್ನಿ ಕಿತ್ತು ಬಾಯಾಗ ಇಟ್ಕೊಂಡ್ಲು.
ಕೊಡು ಅಂದೆ. ಕೊಡು ಅಂದೆ. ಕೊಡಲಿಲ್ಲ."

ಎರಡು ಸಲ ಕೇಳಿದ್ದಾನೆ, ನನ್ನ ಮಗ.
ನಾನು ಒಂದು ಸಲವೂ ಕೇಳಿರಲಿಲ್ಲ.

ವಾರದ ಬಟವಾಡೆಯಲ್ಲಿ ಇನ್ನೂರು ಮುರಿದುಕೊಂಡರು.
ಅಂಗಳದಲ್ಲೇ ಚಪ್ಪಲಿ ಜಾಡಿಸಿದೆ, ಒಂದು ಗೋಡೆಗೆ ಬಡಿಯಿತು.
"ಅಮ್ಮಾ, ಹತ್ರ ಹೋಗಬ್ಯಾಡ," ಒಳಗಿನಿಂದ ಅವನ ದನಿ,
"ಅಪ್ಪಂದು ತಿರುಗಾಕತ್ತೈತೆ."
ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಎಣಿಸಿದ,
ಒಂದು, ಎರಡು, ನಾಕು, ಹನ್ನೊಂದು.
ಮೂರು ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.
ನಗು ಬಂತೇ, ನಾಚಿಕೆಯೇ, ನೆನಪಿಲ್ಲ.

ನಿನ್ನೆ ಮತ್ತೆ ಕಚ್ಚಿದ.
ಫೋನು. ಅದೇ ಟೀಚರ್, ಅದೇ ಮೂಲೆ.
ದಾರಿಯ ನಲ್ಲಿಯಲ್ಲಿ ಕೈ ತೊಳೆದುಕೊಂಡು ಹೋಗಿದ್ದೆ,
ನೀಲಿ ಅಷ್ಟಕ್ಕಷ್ಟೇ ಬಿಟ್ಟಿತ್ತು.
ಮಾಬುನ್ನಿ ತಾನಾಗಿ ತೋಳು ಮುಂದೆ ಚಾಚಿದಳು:
"ಏನೂ ಆಗಿಲ್ಲ ನೋಡ್ರಿ ಮಾಮಾ.
ಹಲ್ಲು ಇಟ್ಟ, ಬಿಟ್ಟ.
ಬರೇ ಎಂಜಲು."